ಮನಸ್ಸು ತಿರುಗುವ ನಾಲ್ಕು ವಾರ

ಮೆಜೆಸ್ಟಿಕ್ಕಿನಿಂದಲೋ ಸಿಟಿ ಮಾರುಕಟ್ಟೆಯಿಂದಲೋ ಹೊರಟ ಬಸ್ಸು ಮಾಗಡಿ ರಸ್ತೆ ಹಿಡಿದು ಟೋಲ್‌ಗೇಟ್, ಕಾಮಾಕ್ಷಿಪಾಳ್ಯ ದಾಟಿತೆಂದರೆ ಕಂಡಕ್ಟರ್ ಬಾಗಿಲ ಬಳಿ ನಿಂತು ‘ಸುಮನಹಳ್ಳಿ, ಸುಮನಹಳ್ಳಿ’ ಎಂದು ಕೂಗುತ್ತಾರೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಜನಕ್ಕೆ ಸುಮನಹಳ್ಳಿ ಎಂದರೆ ಹೊರವರ್ತುಲ ರಸ್ತೆಯ ಮೇಲ್ಸೇತುವೆ. 2019ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಅದರ ಮೇಲಿನ ರಸ್ತೆ ತೂತು ಬಿದ್ದು, ಪತ್ರಿಕೆಗಳಲ್ಲಿ ಫೋಟೋ ಬಂದು, ವಾಹನಗಳು ಮೈಲುಗಟ್ಟಲೆ ನಿಂತದ್ದು ಈ ಭಾಗದವರಿಗೆಲ್ಲ ನೆನಪಿದೆ.

ಇದೇ ದಾರಿಯ ಬಸ್ಸಿನಲ್ಲಿ ಇನ್ನೊಂದು ನೋಟವನ್ನೂ ಕಾಣಬಹುದು. ಬೆರಳುಗಳು ಒಳಕ್ಕೆ ಬಾಗಿದ, ಕಾಲಿಗೆ ದಪ್ಪ ಮೆತ್ತನೆಯ ಚಪ್ಪಲಿ ತೊಟ್ಟ ವಯಸ್ಸಾದವರೊಬ್ಬರು ಕಿಟಕಿಯ ಪಕ್ಕ ಕುಳಿತಿರುತ್ತಾರೆ. ಬಸ್ಸು ಕಿಕ್ಕಿರಿದಿದೆ, ಜನ ಒಂದೇ ಕೈಯಲ್ಲಿ ಕಂಬಿ ಹಿಡಿದು ಜೋತಾಡುತ್ತಿದ್ದಾರೆ. ಆದರೆ ಆ ಹಿರಿಯರ ಪಕ್ಕದ ಸೀಟು ಮಾತ್ರ ಖಾಲಿ. ಯಾರೂ ಏನೂ ಅನ್ನುವುದಿಲ್ಲ, ಮುಖ ಸಿಂಡರಿಸುವುದೂ ಇಲ್ಲ. ಸುಮ್ಮನೆ ಕೂರುವುದಿಲ್ಲ, ಅಷ್ಟೆ.

ಆ ಖಾಲಿ ಸೀಟಿಗೂ ಸುಮನಹಳ್ಳಿ ಎಂಬ ಹೆಸರಿಗೂ ಸಂಬಂಧವಿದೆ. ಇದು ಕೆಂಪೇಗೌಡರ ಕಾಲದಿಂದ ಬಂದ ಹಳ್ಳಿಯ ಹೆಸರಲ್ಲ. 1970ರ ದಶಕದ ಕೊನೆಯಲ್ಲಿ, ಸರ್ಕಾರದ ಕೋರಿಕೆಯಂತೆ, ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತವು ಕುಷ್ಠರೋಗದಿಂದ ನೊಂದವರಿಗಾಗಿ ಮಾಗಡಿ ರಸ್ತೆಯಲ್ಲಿ ಪುನರ್ವಸತಿ ಕೇಂದ್ರವೊಂದನ್ನು ಆರಂಭಿಸಿತು. ಚಿಕಿತ್ಸೆ, ವಾಸಕ್ಕೆ ಸೂರು, ಕೈಗೊಂದು ಕಸಬು ಕೊಡುವ ಆ ಕೇಂದ್ರದ ಹೆಸರು ಸುಮನಹಳ್ಳಿ, ಅಂದರೆ ಒಳ್ಳೆಯ ಮನಸ್ಸಿನವರ ಹಳ್ಳಿ. ಆಗ ಅದು ಊರ ಹೊರಗಿನ ಜಾಗ. ನಗರ ಬೆಳೆಯುತ್ತಾ ಬಂದು ಅದನ್ನು ನುಂಗಿತು. ಹೆಸರು ಮಾತ್ರ ಬಸ್ ನಿಲ್ದಾಣಕ್ಕೂ ವೃತ್ತಕ್ಕೂ ಮೇಲ್ಸೇತುವೆಗೂ ಅಂಟಿಕೊಂಡು ಉಳಿಯಿತು.

ನವೆಂಬರ್ ಕೊನೆ ಬಂತೆಂದರೆ ಕ್ರೈಸ್ತರಿಗೆ ಈ ಹೆಸರನ್ನು ಅದರ ಪೂರ್ಣ ಅರ್ಥದಲ್ಲಿ ನೆನೆಯಲು ಒಂದು ಕಾರಣವಿದೆ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳು ಅವರಿಗೆ ‘ಆಗಮನ ಕಾಲ’. ಆ ದಿನಗಳಲ್ಲಿ ಅವರು ಮತ್ತೆ ಮತ್ತೆ ಕೇಳುವುದು ಮನಸ್ಸನ್ನು ಬದಲಿಸಿಕೊಳ್ಳುವ ಮಾತನ್ನೇ.

ಕ್ಯಾಲೆಂಡರಿನ ಮೊದಲ ಪುಟ

ಆಗಮನ ಕಾಲ ಆರಂಭವಾಗುವುದು ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ. ಹೀಗಾಗಿ ಅದು ನವೆಂಬರ್ 27ಕ್ಕಿಂತ ಮುಂಚೆ ಬರುವುದಿಲ್ಲ, ಡಿಸೆಂಬರ್ 3 ದಾಟುವುದೂ ಇಲ್ಲ. ಡಿಸೆಂಬರ್ 25 ಯಾವ ವಾರ ಬೀಳುತ್ತದೆ ಎಂಬುದರ ಮೇಲೆ ಈ ಅವಧಿ 22 ದಿನದಿಂದ 28 ದಿನದವರೆಗೆ ಹಿಗ್ಗಿ ಕುಗ್ಗುತ್ತದೆ. ಪಶ್ಚಿಮದ ಕ್ರೈಸ್ತ ಸಭೆಗಳ ಧಾರ್ಮಿಕ ವರ್ಷ ಶುರುವಾಗುವುದು ಜನವರಿ ಒಂದರಂದಲ್ಲ, ಈ ಭಾನುವಾರದಂದು. ವರ್ಷದ ಮೊದಲ ಪುಟವೇ ಕಾಯುವಿಕೆಯದು.

ಇದರ ಹಿಂದೆ ಉಪವಾಸದ ಹಳೆಯ ಚರಿತ್ರೆಯಿದೆ. ಐದನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ತೂರ್ ಪಟ್ಟಣದ ಬಿಷಪ್ ಪರ್ಪೆತುವಸ್, ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಕ್ರಿಸ್‌ಮಸ್ಸಿನವರೆಗೆ ವಾರಕ್ಕೆ ಮೂರು ದಿನ ಉಪವಾಸ ಮಾಡಬೇಕೆಂದು ಕಟ್ಟು ಮಾಡಿದ್ದನು. ಕಾಲಾಂತರದಲ್ಲಿ ಪಶ್ಚಿಮದಲ್ಲಿ ಉಪವಾಸ ಸಡಿಲವಾಯಿತು. ಸಿರಿಯನ್ ಆರ್ಥೊಡಾಕ್ಸ್ ಪರಂಪರೆಯ ಮಲಯಾಳಿ ಕುಟುಂಬಗಳಲ್ಲಿ ಮಾತ್ರ ಡಿಸೆಂಬರ್ 1ರಿಂದ 25 ದಿನ ಮೀನು ಮಾಂಸ ಬಿಡುವ ವ್ರತ ಇಂದಿಗೂ ಉಳಿದಿದೆ.

ಚರ್ಚಿನೊಳಗೆ ಕಾಲ ಬದಲಾದದ್ದು ಕಣ್ಣಿಗೇ ಕಾಣುತ್ತದೆ. ಕಥೋಲಿಕರಲ್ಲಿ ಗುರುಗಳ ಮೇಲುಡುಪು ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೇರಳೆ ಪಶ್ಚಾತ್ತಾಪದ ಬಣ್ಣ. ಭಾನುವಾರದ ಪೂಜೆಯಲ್ಲಿ ಹಾಡುವ ಮಹಿಮಾಗೀತೆ ಈ ವಾರಗಳಲ್ಲಿ ಮೌನವಾಗಿದ್ದು, ಕ್ರಿಸ್‌ಮಸ್ ರಾತ್ರಿಯಂದು ಹೊಮ್ಮುತ್ತದೆ. ಹಸಿರೆಲೆಯ ವೃತ್ತದಲ್ಲಿ ನಾಲ್ಕು ಮೇಣದ ಬತ್ತಿಗಳನ್ನು ನಿಲ್ಲಿಸಿ ವಾರಕ್ಕೊಂದರಂತೆ ಹಚ್ಚುತ್ತಾ ಹೋಗುತ್ತಾರೆ. ಈ ಪದ್ಧತಿಯ ಮೂಲ ಜರ್ಮನಿಯಲ್ಲಿದೆ. ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಕ್ ವಿಚರ್ನ್ ಎಂಬ ಪಾದ್ರಿ, ‘ಕ್ರಿಸ್‌ಮಸ್ ಯಾವಾಗ, ಯಾವಾಗ’ ಎಂದು ಪೀಡಿಸುತ್ತಿದ್ದ ಮಕ್ಕಳಿಗೆ ದಿನ ಎಣಿಸಲು ಅನುಕೂಲವಾಗಲೆಂದು 1839ರಲ್ಲಿ ಗಾಡಿಯ ಚಕ್ರವೊಂದಕ್ಕೆ ಬತ್ತಿ ನೆಟ್ಟು ತೂಗುಹಾಕಿದ್ದ.

ಹೊರಗಿನ ಚಿತ್ರ ಬೇರೆ. ಮಾಗಿಯ ಚಳಿ ಮೆಲ್ಲಗೆ ಇಳಿಯುತ್ತಿರುತ್ತದೆ, ಮಾರುಕಟ್ಟೆಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗುತ್ತವೆ, ಬೇಕರಿಯಲ್ಲಿ ಪ್ಲಮ್ ಕೇಕಿಗೆ ಮುಂಗಡ ಪಡೆಯುತ್ತಿರುತ್ತಾರೆ. ಮನೆಗಳಲ್ಲಿ ಕಜ್ಜಾಯ, ಕರ್ಜಿಕಾಯಿಗಳ ಲೆಕ್ಕ ನಡೆದಿರುತ್ತದೆ. ಹಬ್ಬ ಈಗಲೇ ಬಂದುಬಿಟ್ಟಿತೇನೋ ಎನ್ನಿಸುತ್ತದೆ. ಚರ್ಚಿನ ನೇರಳೆ ಬಣ್ಣ ಹೇಳುವುದು ‘ಇನ್ನೂ ಇಲ್ಲ, ಮೊದಲು ಮನೆ ಗುಡಿಸು’ ಎಂದು.

ದಾರಿ ಸಮಮಾಡುವವನು

ಈ ನಾಲ್ಕು ವಾರಗಳ ನಡುವಿನ ಎರಡು ಭಾನುವಾರಗಳಲ್ಲಿ ಮಾತನಾಡುವವನು ಬಾಲಯೇಸುವಲ್ಲ, ಒಂಟೆಯ ಕೂದಲಿನ ಬಟ್ಟೆ ತೊಟ್ಟು ಮಿಡತೆ, ಕಾಡುಜೇನು ತಿಂದು ಬದುಕಿದ ಒರಟು ಮನುಷ್ಯ. ಕಥೋಲಿಕರು ಅವನನ್ನು ಸ್ನಾನಿಕ ಯೊವಾನ್ನ ಎನ್ನುತ್ತಾರೆ, ಪ್ರಾಟೆಸ್ಟೆಂಟರು ಸ್ನಾನಿಕನಾದ ಯೋಹಾನ ಎನ್ನುತ್ತಾರೆ. ಅವನ ಬೋಧನೆಯ ಚಿತ್ರ ಯೆಶಾಯ ಪ್ರವಾದಿಯಿಂದ ಬಂದದ್ದು. ರಾಜ ಬರುವ ದಾರಿಯಲ್ಲಿ ಹಳ್ಳಗಳನ್ನು ತುಂಬಬೇಕು, ದಿಣ್ಣೆಗಳನ್ನು ತಗ್ಗಿಸಬೇಕು, ಸೊಟ್ಟದ್ದನ್ನು ನೆಟ್ಟಗೆ ಮಾಡಬೇಕು. ಬೆಂಗಳೂರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾರಾದರೂ ಗಣ್ಯರು ಬರುತ್ತಾರೆಂದರೆ ರಾತ್ರೋರಾತ್ರಿ ಗುಂಡಿ ಮುಚ್ಚಿ ಡಾಂಬರು ಬಳಿಯುವುದನ್ನು ಎಲ್ಲರೂ ಕಂಡಿದ್ದಾರೆ. ಯೊವಾನ್ನ ಕೇಳಿದ್ದು ಬಳಿಯುವ ಕೆಲಸವನ್ನಲ್ಲ, ಅಗೆಯುವ ಕೆಲಸವನ್ನು.

‘ಹಾಗಾದರೆ ನಾವೇನು ಮಾಡಬೇಕು?’ ಎಂದು ಜನ ಅವನನ್ನು ಕೇಳಿದರೆಂದು ಲೂಕನ ಶುಭಸಂದೇಶದಲ್ಲಿದೆ. ಅವನ ಉತ್ತರದಲ್ಲಿ ಧ್ಯಾನವಿಲ್ಲ, ತೀರ್ಥಯಾತ್ರೆಯಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಬೇಕು. ಸುಂಕ ವಸೂಲಿ ಮಾಡುವವನು ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಕೀಳಬಾರದು. ಸಿಪಾಯಿಗಳು ಬೆದರಿಸಿ ಹಣ ಸುಲಿಯದೆ ಬಂದ ಸಂಬಳದಲ್ಲಿ ತೃಪ್ತರಾಗಿರಬೇಕು. ಒಬ್ಬೊಬ್ಬರಿಗೂ ಅವರವರ ಕಸಬಿನೊಳಗೇ ಇರುವ ಪಾಪವನ್ನು ತೋರಿಸಿದ ಉತ್ತರ ಇದು. ಕೈಗಾರಿಕೆ, ವ್ಯಾಪಾರ, ಸರ್ಕಾರಿ ನೌಕರಿಗಳ ಮೇಲೆ ನಿಂತಿರುವ ರಾಜಾಜಿನಗರದಂಥ ಬಡಾವಣೆಯಲ್ಲಿ ನಿಂತು ಇಂದು ಅವನು ಮಾತನಾಡಿದರೂ ಉತ್ತರ ಬಹಳ ಬದಲಾಗಲಾರದು. ತೂಕ ಸರಿಯಾಗಿರಲಿ, ಕೂಲಿಯವನ ಬಟವಾಡೆ ತಡವಾಗದಿರಲಿ, ಕಡತ ಮುಂದೆ ಹೋಗಲು ಮೇಜಿನ ಕೆಳಗೆ ಕೈ ಚಾಚದಿರಲಿ ಎಂದಾನು.

‘ಪಶ್ಚಾತ್ತಾಪ’ ಎಂಬ ಮಾತಿಗೆ ಕನ್ನಡದಲ್ಲಿ ಆದ ಮೇಲೆ ಬೇಯುವುದು ಎಂಬ ಅರ್ಥವಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿರುವ ‘ಮೆತನೋಯ’ ಎಂಬ ಶಬ್ದದ ಅರ್ಥ ಸ್ವಲ್ಪ ಬೇರೆ: ಮನಸ್ಸು ಬದಲಾಗುವುದು. ಯೆಹೂದಿ ಪ್ರವಾದಿಗಳು ಬಳಸಿದ ಹೀಬ್ರೂ ಕ್ರಿಯಾಪದಕ್ಕೆ ಇನ್ನೂ ಸರಳವಾದ ಅರ್ಥ: ತಿರುಗು, ಮರಳಿ ಬಾ. 1831ರಲ್ಲಿ ಬಳ್ಳಾರಿಯಲ್ಲಿ ಸಂಪೂರ್ಣ ಬೈಬಲ್ಲನ್ನು ಕನ್ನಡಕ್ಕೆ ತಂದು ಮುಗಿಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಕಾಲದಿಂದ ಇಂದಿನವರೆಗೆ ಕನ್ನಡದ ಭಾಷಾಂತರಕಾರರ ಮುಂದೆ ಈ ಎಲ್ಲ ಅರ್ಥಗಳೂ ಇದ್ದವು. ಕ್ರೈಸ್ತ ಕನ್ನಡದಲ್ಲಿ ‘ಪಶ್ಚಾತ್ತಾಪ’, ‘ಮಾನಸಾಂತರ’, ‘ದೇವರ ಕಡೆಗೆ ತಿರುಗುವುದು’ ಎಂಬ ಮೂರು ಮಾತುಗಳೂ ನಿಂತಿರುವುದು ಇದರಿಂದಲೇ. ಬೇಯುವುದು ಆರಂಭ, ಮನಸ್ಸು ಮಗುಚುವುದು ನಡುವಿನ ಹಂತ. ಕಾಲು ತಿರುಗಿದ ಮೇಲೆಯೇ ಕೆಲಸ ಪೂರ್ತಿಯಾಗುವುದು.

ಟೋಲ್‌ಗೇಟಿನಿಂದ ಸುಂಕದಕಟ್ಟೆಗೆ

ಮಾಗಡಿ ರಸ್ತೆಯಲ್ಲಿ ಸುಮನಹಳ್ಳಿಗೆ ಈಚೆ ಟೋಲ್‌ಗೇಟ್ ಇದೆ, ಆಚೆ ಸುಂಕದಕಟ್ಟೆಯಿದೆ. ಹಿಂದೆ ಊರೊಳಗೆ ಬರುವ ಸರಕಿಗೆ ಸುಂಕ ಎತ್ತುತ್ತಿದ್ದ ಕಾಲದ ಗುರುತುಗಳು ಇವು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಯೇಸು ಹೇಳಿದ ಒಂದು ಸಾಮತಿಯಲ್ಲಿ ಈ ಗಾದೆ ತಲೆಕೆಳಗಾಗಿದೆ. ಅಲ್ಲಿ ದುಃಖ ಹೇಳಿಕೊಳ್ಳುವವನು ಸುಂಕದವನೇ.

ದೇವಾಲಯಕ್ಕೆ ಇಬ್ಬರು ಹೋದರು. ಒಬ್ಬ ಫರಿಸಾಯ, ಶಾಸ್ತ್ರದಂತೆ ನಡೆಯುವವನು. ಅವನು ಮುಂದೆ ನಿಂತು ತಾನು ವಾರಕ್ಕೆ ಎರಡು ಉಪವಾಸ ಮಾಡುವುದನ್ನೂ ಆದಾಯದ ಹತ್ತರಲ್ಲೊಂದು ಪಾಲು ಕೊಡುವುದನ್ನೂ ದೇವರಿಗೆ ಒಪ್ಪಿಸಿ, ತಾನು ಆ ಸುಂಕದವನಂತೆ ಇಲ್ಲದ್ದಕ್ಕೆ ಕೃತಜ್ಞತೆ ಹೇಳಿದ. ಸುಂಕದವನು ದೂರ ನಿಂತು, ತಲೆ ಎತ್ತದೆ, ಎದೆ ಬಡಿದುಕೊಂಡು ಕರುಣೆ ಬೇಡಿದ. ಮನೆಗೆ ಮರಳುವಾಗ ದೇವರಿಗೆ ಒಪ್ಪಿಗೆಯಾದವನು ಇವನೇ. ಗಮನಿಸಬೇಕಾದ್ದೆಂದರೆ ಫರಿಸಾಯ ಸುಳ್ಳು ಹೇಳಲಿಲ್ಲ. ಅವನ ಉಪವಾಸ ನಿಜ, ದಾನವೂ ನಿಜ. ಆದರೆ ಅವನ ಪ್ರಾರ್ಥನೆಗೆ ಮತ್ತೊಬ್ಬನನ್ನು ಕೆಳಗಿಡುವುದು ಬೇಕಾಗಿತ್ತು.

ನಮ್ರತೆ ಎಂದರೆ ತನ್ನನ್ನು ತಾನು ಹಳಿದುಕೊಳ್ಳುವುದಲ್ಲ. ಲ್ಯಾಟಿನ್ನಿನಲ್ಲಿ ನಮ್ರತೆಗಿರುವ ಶಬ್ದ ಮಣ್ಣು ಎಂಬರ್ಥದ ‘ಹ್ಯೂಮಸ್’ನಿಂದ ಬಂದದ್ದು. ರೈತರು ಫಲವತ್ತಾದ ಕಪ್ಪು ಮಣ್ಣಿನ ವಿಷಯದಲ್ಲಿ ಕೇಳಿರುವ ಹ್ಯೂಮಸ್ ಇದೇ. ನೆಲದ ಮೇಲೆ ನಿಂತಿರುವುದು, ಇದ್ದ ಎತ್ತರಕ್ಕಿಂತ ಒಂದಿಂಚೂ ಹೆಚ್ಚು ಕಾಣಲು ಹವಣಿಸದಿರುವುದು ನಮ್ರತೆ. ಬಸವಣ್ಣನವರ ಹೆಸರನ್ನೇ ಹೊತ್ತ ಬಡಾವಣೆಯ ಜನರಿಗೆ, ಅಧಿಕಾರದಲ್ಲಿದ್ದೂ ತನ್ನನ್ನು ಶರಣರೆಲ್ಲರಿಗಿಂತ ಕಿರಿಯನೆಂದು ಕರೆದುಕೊಂಡ ಮಂತ್ರಿಯ ಪರಿಚಯವಿದ್ದೇ ಇದೆ. ಇದೇ ದಿನಗಳಲ್ಲಿ ಪಶ್ಚಿಮ ಬೆಂಗಳೂರಿನ ಬೀದಿಗಳಲ್ಲಿ ಕಪ್ಪು ಬಟ್ಟೆಯ ಅಯ್ಯಪ್ಪ ವ್ರತಧಾರಿಗಳು ಬರಿಗಾಲಿನಲ್ಲಿ ಓಡಾಡುತ್ತಿರುತ್ತಾರೆ. ನವೆಂಬರ್ ನಡುವೆ ಶುರುವಾಗುವ 41 ದಿನಗಳ ಮಂಡಲ ಕಾಲ ಮುಗಿಯುವುದು ಕ್ರಿಸ್‌ಮಸ್ಸಿನ ಆಸುಪಾಸಿನಲ್ಲೇ. ಮಾಲೆ ಹಾಕಿದ ಮೇಲೆ ಆಫೀಸಿನ ಸಾಹೇಬನೂ ಆಟೋ ಚಾಲಕನೂ ಒಬ್ಬರನ್ನೊಬ್ಬರು ‘ಸ್ವಾಮಿ’ ಎಂದೇ ಕರೆಯಬೇಕು. ಧನುರ್ಮಾಸದ ಮುಂಜಾವಿನ ಪೂಜೆಯ ಗಂಟೆಯೂ ಆಗಲೇ ಕೇಳಿಬರುತ್ತದೆ. ವರ್ಷದ ಕೊನೆಯ ಚಳಿಯಲ್ಲಿ ದೇಹವನ್ನು ತಗ್ಗಿಸಿ ಮನಸ್ಸನ್ನು ಸಿದ್ಧಮಾಡುವುದು ಒಂದೇ ಮತದ ಸೊತ್ತಲ್ಲ.

ನೋವಿಲ್ಲದ ಕೈ

ಪಾಪಕ್ಕೆ ಕುಷ್ಠವನ್ನು ಹೋಲಿಸುವ ಹಳೆಯ ರೂಢಿಯೊಂದಿದೆ. ಅದು ತಪ್ಪು, ಅನ್ಯಾಯ ಕೂಡ. ಕುಷ್ಠ ಶಾಪವಲ್ಲ, ವಂಶದಿಂದ ಬರುವುದಲ್ಲ. ಅದೊಂದು ಸೂಕ್ಷ್ಮಜೀವಿಯ ಸೋಂಕು. ಬೈಬಲ್ಲಿನ ಯಾಜಕಕಾಂಡದಲ್ಲಿ ಹೇಳಿರುವ ‘ಕುಷ್ಠ’ ಇಂದಿನ ಕುಷ್ಠರೋಗವೇ ಎನ್ನುವಂತೆಯೂ ಇಲ್ಲ. ಅಲ್ಲಿ ಬಟ್ಟೆಗೂ ಮನೆಯ ಗೋಡೆಗೂ ‘ಕುಷ್ಠ’ ತಗಲುತ್ತದೆ. ಹಲವು ಚರ್ಮರೋಗಗಳನ್ನೂ ಬೂಷ್ಟನ್ನೂ ಒಂದೇ ಹೆಸರಿನಲ್ಲಿ ಕರೆದಿದ್ದರೆಂದು ತೋರುತ್ತದೆ. ಕನ್ನಡನಾಡಿನಲ್ಲೂ ತೊನ್ನಿಗೂ ಕುಷ್ಠಕ್ಕೂ ವ್ಯತ್ಯಾಸ ತಿಳಿಯದೆ ತೊನ್ನಿನವರನ್ನು ದೂರವಿಟ್ಟ ಉದಾಹರಣೆಗಳು ಬೇಕಾದಷ್ಟಿವೆ. ತೊನ್ನು ಅಂಟುರೋಗವಲ್ಲ, ಅದರಲ್ಲಿ ಚರ್ಮದ ಬಣ್ಣ ಮಾತ್ರ ಹೋಗುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನವೂ ಹೋಗುತ್ತದೆ. ಕಣ್ಣು ಮುಚ್ಚಿಸಿ ಮಚ್ಚೆಯನ್ನು ಹತ್ತಿಯ ಎಳೆಯಿಂದ ಮುಟ್ಟಿದರೆ ರೋಗಿಗೆ ತಿಳಿಯುವುದಿಲ್ಲ.

1873ರಲ್ಲಿ ನಾರ್ವೆಯ ಬರ್ಗೆನ್ ನಗರದಲ್ಲಿ ಗೆರ್ಹಾರ್ಡ್ ಹ್ಯಾನ್ಸನ್ ಎಂಬ ವೈದ್ಯ ಈ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ಕಂಡನು. ಬಹಳ ನಿಧಾನದ ಜೀವಿ ಅದು. ಒಂದು ಎರಡಾಗಲು ಸುಮಾರು ಎರಡು ವಾರ ಬೇಕು. ಸೋಂಕು ತಗಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷವೂ ಹಿಡಿಯುತ್ತದೆ. ತಂಪಾಗಿರುವ ಭಾಗಗಳ ನರಗಳೆಂದರೆ ಅದಕ್ಕೆ ಇಷ್ಟ. ರೋಗದಿಂದ ಬೆರಳುಗಳು ಕೊಳೆತು ಉದುರುತ್ತವೆ ಎಂದು ಜನ ಬಹುಕಾಲ ನಂಬಿದ್ದರು. ಅದು ಹಾಗಲ್ಲ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು, ತಮಿಳುನಾಡಿನ ಕೊಲ್ಲಿಬೆಟ್ಟದಲ್ಲಿ ಮಿಷನರಿ ದಂಪತಿಗಳ ಮಗನಾಗಿ 1914ರಲ್ಲಿ ಹುಟ್ಟಿ, 1946ರಿಂದ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್.

ರೋಗಿಗಳ ಕೈಗಳನ್ನು ಬ್ರ್ಯಾಂಡ್ ದಿನವೂ ಪರೀಕ್ಷಿಸಿದರು. ಬಿಸಿ ಪಾತ್ರೆ ಹಿಡಿದಾಗ ಸುಟ್ಟದ್ದು ತಿಳಿಯದು, ಚಪ್ಪಲಿಯ ಮೊಳೆ ಅಂಗಾಲಿಗೆ ಚುಚ್ಚಿದ್ದು ಗೊತ್ತಾಗದು. ಗಾಯದ ಮೇಲೆ ಗಾಯವಾಗಿ ಮೂಳೆ ಸವೆಯುತ್ತದೆ. ರಾತ್ರಿ ಕಳೆದು ಬೆಳಗಾದರೆ ಕೆಲವರ ಬೆರಳಿನ ತುದಿಯೇ ಇಲ್ಲ. ಕಾವಲಿದ್ದು ನೋಡಿದಾಗ, ಮಲಗಿದ್ದವರ ಬೆರಳನ್ನು ಇಲಿಗಳು ಕಚ್ಚುತ್ತಿದ್ದವು. ರೋಗಿಗೆ ಎಚ್ಚರವೇ ಆಗುತ್ತಿರಲಿಲ್ಲ. ಅಂದಿನಿಂದ ಊರಿಗೆ ಮರಳುವ ರೋಗಿಗಳ ಜೊತೆಗೆ ಬೆಕ್ಕನ್ನೂ ಕಳಿಸುವ ಪರಿಪಾಠ ಬಂತು. ಮೃದುವಾದ ವಿಶೇಷ ರಬ್ಬರಿನ ಚಪ್ಪಲಿಗಳು ಸಿದ್ಧವಾದವು. ಬಾಗಿದ ಬೆರಳುಗಳನ್ನು ಸ್ನಾಯುರಜ್ಜು ಬದಲಿಸಿ ನೆಟ್ಟಗೆ ಮಾಡುವ ಶಸ್ತ್ರಚಿಕಿತ್ಸೆ ಬೆಳೆಯಿತು.

ಬ್ರ್ಯಾಂಡ್ ತಮ್ಮದೇ ಒಂದು ರಾತ್ರಿಯ ಕಥೆ ಬರೆದಿದ್ದಾರೆ. ಬಹಳ ಹೊತ್ತು ರೈಲಿನಲ್ಲಿ ಕುಳಿತು ಲಂಡನ್ನಿಗೆ ಬಂದಿಳಿದು ಕಾಲುಚೀಲ ಬಿಚ್ಚಿದಾಗ ಹಿಮ್ಮಡಿಯಲ್ಲಿ ಸ್ಪರ್ಶವೇ ಇರಲಿಲ್ಲ. ಸೂಜಿ ಚುಚ್ಚಿದರೂ ನೋವಿಲ್ಲ. ತಮಗೂ ಕುಷ್ಠ ಬಂತೆಂದು ರಾತ್ರಿಯೆಲ್ಲ ನಿದ್ದೆಗೆಟ್ಟರು. ಬೆಳಗ್ಗೆ ಮತ್ತೆ ಚುಚ್ಚಿದರು. ಚುರ್ ಎಂದು ನೋವಾಯಿತು! ಕುಳಿತು ಕುಳಿತು ನರ ಜೋಮು ಹಿಡಿದಿತ್ತು, ಅಷ್ಟೆ. ಅಂದಿನಿಂದ ನೋವಿಗಾಗಿ ದೇವರಿಗೆ ವಂದನೆ ಹೇಳುವುದನ್ನು ಅವರು ಮರೆಯಲಿಲ್ಲ.

ಪಶ್ಚಾತ್ತಾಪದ ಕೆಲಸವೂ ಇದೇ. ಅದು ಶಿಕ್ಷೆಯಲ್ಲ, ಮನಸ್ಸಿನ ನರಗಳಲ್ಲಿ ಇನ್ನೂ ಜೀವವಿದೆ ಎಂಬುದಕ್ಕೆ ಸಾಕ್ಷಿ. ಆಡಿದ ಮಾತಿನಿಂದ ಇನ್ನೊಬ್ಬರಿಗೆ ನೋವಾದಾಗ ತನಗೂ ಚುರ್ ಎನ್ನುವುದು ಆರೋಗ್ಯದ ಲಕ್ಷಣ. ಬಸ್ಸಿನ ಆ ಖಾಲಿ ಸೀಟಿನ ಪಕ್ಕದಲ್ಲಿ ಜೋತಾಡುತ್ತಾ ನಿಂತವರಲ್ಲಿ ಸ್ಪರ್ಶಜ್ಞಾನ ಕಳೆದುಕೊಂಡವರು ಯಾರು ಎಂಬುದು ಹಾಗಾದರೆ ಕೇಳಲೇಬೇಕಾದ ಪ್ರಶ್ನೆ. ಕುಳಿತಿರುವ ಹಿರಿಯರ ಬೆರಳಿಗೆ ಮಾತ್ರ ನೋವು ತಿಳಿಯುವುದಿಲ್ಲ.

ಓಡಿಹೋದವರು, ಮರಳಿ ಬಂದವರು

ಕ್ರಿಸ್‌ಮಸ್ಸಿನಲ್ಲಿ ಮನೆಮನೆಯಲ್ಲಿ ಕಟ್ಟುವ ಗೋದಲಿಗೂ ಕುಷ್ಠರೋಗಿಗಳಿಗೂ ಒಬ್ಬನೇ ಮನುಷ್ಯನ ಮೂಲಕ ನಂಟಿದೆ. ಇಟಲಿಯ ಅಸಿಸ್ಸಿಯ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆ ಕಟ್ಟಿಸಿ, ಯೇಸು ಹುಟ್ಟಿದ ಕೊಟ್ಟಿಗೆಯ ಬಡತನವನ್ನು ಜನರ ಕಣ್ಣೆದುರು ತಂದನು. ಇಂದಿನ ಗೋದಲಿಗಳ ಪರಂಪರೆ ಅಲ್ಲಿಂದ ಹರಡಿತು. ಅದೇ ಫ್ರಾನ್ಸಿಸ್ 1226ರಲ್ಲಿ, ಸಾಯುವ ಮುಂಚೆ, ತನ್ನ ಮಾನಸಾಂತರ ಶುರುವಾದದ್ದು ಎಲ್ಲಿ ಎಂದು ಬರೆಸಿಟ್ಟಿದ್ದಾನೆ. ಬಟ್ಟೆ ವ್ಯಾಪಾರಿಯ ಮಗನಾದ ಅವನಿಗೆ ಕುಷ್ಠರೋಗಿಗಳನ್ನು ನೋಡುವುದೇ ಕಹಿಯಾಗಿತ್ತು. ಅವರ ನಡುವೆ ಹೋಗಿ ಸೇವೆ ಮಾಡಿದ ಮೇಲೆ ಆ ಕಹಿಯೇ ಸಿಹಿಯಾಯಿತು. ಗೋದಲಿಯ ಹುಲ್ಲಿನ ಮೇಲೆ ಬೊಂಬೆ ಇಡುವವರು ಆ ಕಹಿಯ ಭಾಗವನ್ನು ಮರೆಯುವುದು ಸುಲಭ.

ಹ್ಯಾನ್ಸನ್ ರೋಗಾಣುವನ್ನು ಕಂಡ 1873ರಲ್ಲೇ ಬೆಲ್ಜಿಯಮ್ಮಿನ ಫಾದರ್ ಡೇಮಿಯನ್ ಹವಾಯಿಯ ಮೊಲೊಕಾಯ್ ದ್ವೀಪಕ್ಕೆ, ಕುಷ್ಠರೋಗಿಗಳನ್ನು ಗಡೀಪಾರು ಮಾಡುತ್ತಿದ್ದ ಜಾಗಕ್ಕೆ, ಹೋಗಿ ನೆಲೆಸಿದರು. ಅವರ ಗಾಯಗಳನ್ನು ತೊಳೆದರು, ಅವರಿಗೆ ಮನೆ ಕಟ್ಟಿದರು, ಸತ್ತಾಗ ಗುಂಡಿ ತೋಡಿದರು. ಕೊನೆಗೆ ರೋಗ ಅವರಿಗೂ ತಗಲಿ 1889ರಲ್ಲಿ ತೀರಿಕೊಂಡರು. 2009ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರೆಂದು ಘೋಷಿಸಿತು. ‘ನೀವು’ ಎಂದು ಆರಂಭವಾದ ಅವರ ಬೋಧನೆ ಕೊನೆಯಲ್ಲಿ ‘ನಾವು’ ಆಯಿತು ಎಂಬುದನ್ನು ಜನ ಇಂದಿಗೂ ನೆನೆಯುತ್ತಾರೆ.

ಕ್ರೈಸ್ತರಲ್ಲದ ಒಬ್ಬರ ಕಥೆ ಮಾನಸಾಂತರದ ಅರ್ಥವನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ. ಮಹಾರಾಷ್ಟ್ರದ ವರೋರಾದಲ್ಲಿ ವಕೀಲರಾಗಿದ್ದ ಮುರಳೀಧರ ದೇವಿದಾಸ ಆಮ್ಟೆ ಯಾವುದಕ್ಕೂ ಅಂಜದವರೆಂದು ಹೆಸರಾಗಿದ್ದರು. ಒಂದು ಮಳೆಯ ರಾತ್ರಿ ದಾರಿಯ ಬದಿಯಲ್ಲಿ ಬಟ್ಟೆಯ ಗಂಟಿನಂತೆ ಬಿದ್ದಿದ್ದುದನ್ನು ಕಂಡರು. ಹತ್ತಿರ ಹೋದರೆ ಅದು ಕುಷ್ಠದ ಕೊನೆಯ ಹಂತದಲ್ಲಿದ್ದ ತುಳಸೀರಾಮ ಎಂಬ ಮನುಷ್ಯ. ಆಮ್ಟೆ ಹೆದರಿ ಓಡಿಹೋದರು. ಮನೆಗೆ ಬಂದ ಮೇಲೆ ಆ ಹೆದರಿಕೆಯೇ ಅವರನ್ನು ಸುಡತೊಡಗಿತು. ಮರಳಿ ಹೋಗಿ ಅವನಿಗೆ ಮರೆ ಕಟ್ಟಿ, ಉಣಿಸಿ, ಸಾಯುವತನಕ ಉಪಚರಿಸಿದರು. ವರೋರಾ ಬಳಿಯ ಆನಂದವನ ಹುಟ್ಟಿದ್ದು ಆ ಓಟದಿಂದಲ್ಲ, ಮರಳಿ ಬಂದ ಹೆಜ್ಜೆಗಳಿಂದ. ತಾನು ಓಡಿಹೋದೆ ಎಂಬುದನ್ನು ಬಾಬಾ ಆಮ್ಟೆ ಎಂದೂ ಮುಚ್ಚಿಡಲಿಲ್ಲ. ಅದು ಅವರ ನಮ್ರತೆ.

ಸಭೆಯ ತಪ್ಪು, ಕಾನೂನಿನ ತಪ್ಪು

ಪಶ್ಚಾತ್ತಾಪ ಒಬ್ಬೊಬ್ಬ ವ್ಯಕ್ತಿಗೆ ಮಾತ್ರ ಸೇರಿದ್ದಲ್ಲ. ಮಧ್ಯಯುಗದ ಯುರೋಪಿನ ಕೆಲವೆಡೆ ಕುಷ್ಠರೋಗಿಯನ್ನು ಊರಿನಿಂದ ಬೇರ್ಪಡಿಸುವಾಗ ಚರ್ಚಿನಲ್ಲೇ ಶವಸಂಸ್ಕಾರದಂಥ ವಿಧಿ ನಡೆಸಿ, ಬದುಕಿದ್ದವನ ಮೇಲೆ ಒಂದು ಹಿಡಿ ಮಣ್ಣು ಹಾಕುತ್ತಿದ್ದರು. ದಯೆಯಿಂದ ಆರೈಕೆ ಮಾಡಿದ ಮಠಗಳಿದ್ದಂತೆ ಈ ಮಣ್ಣೂ ಕ್ರೈಸ್ತ ಚರಿತ್ರೆಯ ಭಾಗವೇ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್ ರೋಮಿನಲ್ಲಿ ಸಭೆಯ ಮಕ್ಕಳು ಶತಮಾನಗಳಲ್ಲಿ ಮಾಡಿದ ತಪ್ಪುಗಳಿಗಾಗಿ ಬಹಿರಂಗವಾಗಿ ದೇವರ ಕ್ಷಮೆ ಬೇಡಿದರು. ದೊಡ್ಡ ಸಂಸ್ಥೆಯೊಂದು ತಲೆ ಬಾಗಿಸಬಲ್ಲದು ಎಂದು ಅಂದು ಜಗತ್ತು ಕಂಡಿತು.

ನಮ್ಮ ದೇಶದ ಕಾನೂನಿಗೂ ಇಂಥ ತಲೆಬಾಗುವಿಕೆ ಬೇಕಾಯಿತು. ಬ್ರಿಟಿಷರ ಕಾಲದ 1898ರ ಕುಷ್ಠರೋಗಿಗಳ ಕಾಯಿದೆ ದಿಕ್ಕಿಲ್ಲದ ರೋಗಿಗಳನ್ನು ಹಿಡಿದು ಕೂಡಿಹಾಕಲು ಅವಕಾಶ ಕೊಟ್ಟಿತ್ತು. ಅದು ಪೂರ್ತಿಯಾಗಿ ರದ್ದಾದದ್ದು 2016ರಲ್ಲಿ. ಮೂರು ಔಷಧಿಗಳ ಕೂಡುಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ. ಆರು ತಿಂಗಳು ಇಲ್ಲವೇ ಒಂದು ವರ್ಷದಲ್ಲಿ ರೋಗ ಗುಣವಾಗುತ್ತದೆ, ಚಿಕಿತ್ಸೆ ಶುರುವಾದ ಕೆಲವೇ ದಿನಗಳಲ್ಲಿ ಇತರರಿಗೆ ಹರಡುವುದು ನಿಲ್ಲುತ್ತದೆ. ಹೀಗಿದ್ದೂ 2001ರಲ್ಲಿ ಕ್ರೈಸ್ತರ ವಿಚ್ಛೇದನ ಕಾಯಿದೆಯನ್ನು ತಿದ್ದಿದಾಗ, ‘ವಾಸಿಯಾಗದ’ ಕುಷ್ಠವನ್ನು ವಿಚ್ಛೇದನಕ್ಕೆ ಒಂದು ಕಾರಣವಾಗಿ ಸೇರಿಸಲಾಯಿತು. ಔಷಧಿ ಬಂದು ಇಪ್ಪತ್ತು ವರ್ಷವಾಗಿತ್ತು! ಕೊನೆಗೆ 2019ರಲ್ಲಿ ಸಂಸತ್ತು ಹಿಂದೂ, ಮುಸ್ಲಿಂ, ಕ್ರೈಸ್ತ ಎಂಬ ಭೇದವಿಲ್ಲದೆ ಐದು ವೈಯಕ್ತಿಕ ಕಾನೂನುಗಳಿಂದ ಆ ಮಾತನ್ನು ತೆಗೆದುಹಾಕಿತು. ಕಾನೂನಿನ ಮನಸ್ಸು ತಿರುಗಲು ಹೀಗೆ ಬಹಳ ವರ್ಷ ಹಿಡಿಯಿತು. ಜನರ ಮನಸ್ಸು ಇನ್ನೂ ತಿರುಗುತ್ತಿದೆ.

2005ರ ಕೊನೆಯಲ್ಲಿ ಭಾರತ, ಹತ್ತು ಸಾವಿರ ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳೆಂಬ ಗುರಿ ಮುಟ್ಟಿತು. ಆದರೆ ರೋಗ ಹೋಗಿಬಿಟ್ಟಿಲ್ಲ. ಈಚಿನ ವರ್ಷಗಳಲ್ಲೂ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿ ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಇದು ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ. ಆದರೂ ಸ್ಪರ್ಶವಿಲ್ಲದ ಮಚ್ಚೆ ಕಂಡವರು ಅದನ್ನು ಮುಚ್ಚಿಡುತ್ತಾರೆ, ತಡಮಾಡುತ್ತಾರೆ, ತಡವಾದಷ್ಟೂ ನರ ಸಾಯುತ್ತದೆ. ಮುಚ್ಚಿಡಲು ಕಾರಣ ರೋಗದ ಭಯಕ್ಕಿಂತ ನೆರೆಹೊರೆಯ ಭಯ. ಬಸ್ಸಿನ ಖಾಲಿ ಸೀಟು ಹ್ಯಾನ್ಸನ್ನನ ರೋಗಾಣುವಿಗೆ ಹೀಗೆ ನೆರವಾಗುತ್ತಿದೆ.

ಕೇಕಿನ ಪೆಟ್ಟಿಗೆ

ಡಿಸೆಂಬರಿನಲ್ಲಿ ಆಶ್ರಮಗಳಿಗೆ, ಪುನರ್ವಸತಿ ಕೇಂದ್ರಗಳಿಗೆ ಅತಿಥಿಗಳು ಹೆಚ್ಚು. ಕೇಕು, ಕಂಬಳಿ, ಹಣ್ಣಿನ ಬುಟ್ಟಿಗಳು ಬರುತ್ತವೆ. ಕೊಡುವವರ ಮನಸ್ಸು ಒಳ್ಳೆಯದೇ. ಆದರೆ ಪೆಟ್ಟಿಗೆ ಕೈದಾಟಿಸುವಾಗ ಒಂದು ಫೋಟೋ, ಕೆಲವು ಮಾತು, ಗಡಿಯಾರದ ಕಡೆ ಒಂದು ನೋಟ. ಫರಿಸಾಯನ ಪ್ರಾರ್ಥನೆ ಈ ಜಾಗದಲ್ಲಿ ಬಹಳ ಸುಲಭವಾಗಿ ನುಸುಳುತ್ತದೆ. ನಾನು ಕೊಡುವವನು, ಇವರು ಪಡೆಯುವವರು, ನಾನು ಇವರಂತಿಲ್ಲ ಎಂದು ಒಳಗಿನಿಂದ ಯಾರೋ ಹೇಳುತ್ತಿರುತ್ತಾರೆ. ಸ್ನಾನಿಕ ಯೊವಾನ್ನನಾದರೋ, ಜನ ತನ್ನನ್ನೇ ಹೊಗಳಲು ಬಂದಾಗ, ತನ್ನ ಹಿಂದೆ ಬರುವವನ ಚಪ್ಪಲಿಯ ಬಾರು ಬಿಚ್ಚಲೂ ತಾನು ಯೋಗ್ಯನಲ್ಲ ಎಂದುಬಿಟ್ಟ. ಆಗ ಅದು ಆಳಿನ ಕೆಲಸ. ಸ್ಪರ್ಶವಿಲ್ಲದ ಕಾಲುಗಳಿಗೆ ದಿನವೂ ಬಾರು ಬಿಚ್ಚಿ, ಗಾಯವಾಗಿದೆಯೇ ಎಂದು ಅಂಗಾಲು ತಿರುಗಿಸಿ ನೋಡುವ ದಾದಿಯರಿಗೆ ಈ ಮಾತಿನ ಅರ್ಥ ಪ್ರವಚನ ಕೇಳುವವರಿಗಿಂತ ಚೆನ್ನಾಗಿ ಗೊತ್ತು.

ಕ್ರಿಸ್‌ಮಸ್ಸಿಗೆ ಮುಂಚಿನ ವಾರ ಕಥೋಲಿಕ ಚರ್ಚುಗಳಲ್ಲಿ ಪಾಪನಿವೇದನೆಗೆ ಸಾಲು ನಿಲ್ಲುತ್ತದೆ. ಗುರುಗಳ ಮುಂದೆ ಮೊಣಕಾಲೂರಿ, ಆತ್ಮಶೋಧನೆ ಮಾಡಿಕೊಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಎಲ್ಲರೂ ಒಟ್ಟಾಗಿ ನಿಂತು ಪಾಪದ ಅರಿಕೆ ಮಾಡಿ ನೇರವಾಗಿ ದೇವರಲ್ಲಿ ಕ್ಷಮೆ ಬೇಡುತ್ತಾರೆ. ರೀತಿ ಬೇರೆಯಾದರೂ ಹೊರಬಾಗಿಲಲ್ಲಿ ಕಾದಿರುವ ಪ್ರಶ್ನೆ ಒಂದೇ: ನಾಳೆಯಿಂದ ಏನು ಬದಲು? ಸುಂಕ ಕೀಳುತ್ತಿದ್ದ ಜಕ್ಕಾಯ ಯೇಸುವನ್ನು ಮನೆಗೆ ಬರಮಾಡಿಕೊಂಡಾಗ ಹಾಡು ಹೇಳಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಲೆಕ್ಕ ಹೇಳಿದ.

ಯೇಸು ಹತ್ತು ಮಂದಿ ಕುಷ್ಠರೋಗಿಗಳನ್ನು ಗುಣಪಡಿಸಿದ ಪ್ರಸಂಗವೂ ಲೂಕನ ಶುಭಸಂದೇಶದಲ್ಲಿದೆ. ಗುಣವಾದ ಹತ್ತರಲ್ಲಿ ಒಂಬತ್ತು ಮಂದಿ ತಮ್ಮ ದಾರಿ ಹಿಡಿದರು. ಒಬ್ಬ ಮಾತ್ರ ಮರಳಿ ಬಂದು ಕಾಲಿಗೆ ಬಿದ್ದು ವಂದಿಸಿದ. ಅವನು ಯೆಹೂದ್ಯರು ಮುಟ್ಟಿಸಿಕೊಳ್ಳದ ಸಮಾರ್ಯದವನು. ತಿರುಗಿ ಬರುವುದನ್ನು ಕಲಿಸಿದವನು ಅಲ್ಲಿ ಶಾಸ್ತ್ರಿಯಲ್ಲ, ಎರಡು ಸಲ ಹೊರಗಿಡಲ್ಪಟ್ಟ ಮನುಷ್ಯ.

ಡಿಸೆಂಬರ್ 24ರ ನಡುರಾತ್ರಿ ಚರ್ಚುಗಳಲ್ಲಿ ನೇರಳೆ ಬಟ್ಟೆ ಹೋಗಿ ಬಿಳಿ ಬರುತ್ತದೆ. ಗಂಟೆಗಳು ಮೊಳಗುತ್ತವೆ, ಖಾಲಿಯಿದ್ದ ಗೋದಲಿಯ ಹುಲ್ಲಿನ ಮೇಲೆ ಬಾಲಯೇಸುವನ್ನು ಇಡುತ್ತಾರೆ. ಎರಡು ದಿನ ಕಳೆದು ಹಬ್ಬದ ಗಲಾಟೆ ಅಡಗಿದ ಮೇಲೆ ಮಾಗಡಿ ರಸ್ತೆಯಲ್ಲಿ ಮತ್ತದೇ ಬಸ್ಸು, ಅದೇ ನೂಕುನುಗ್ಗಲು. ಕಿಟಕಿಯ ಪಕ್ಕ ಬೆರಳು ಬಾಗಿದವರೊಬ್ಬರು ಕುಳಿತಿರುತ್ತಾರೆ. ನಾಲ್ಕು ವಾರಗಳ ಸಿದ್ಧತೆ ಫಲಿಸಿತೇ ಎಂದು ತಿಳಿಯಲು ಯಾವ ಪ್ರಯೋಗಾಲಯವೂ ಬೇಡ. ಯಾರಾದರೂ ಬಂದು, ‘ಸ್ವಲ್ಪ ಜರುಗ್ತೀರಾ ಯಜಮಾನ್ರೇ?’ ಎಂದು ಕೇಳಿ, ಪಕ್ಕದಲ್ಲಿ ಕುಳಿತರೆ ಸಾಕು.